ಅವ್ವನ ಮಾತು ಮೊಬೈಲಿಗೆ

ಪಣಜಿಯಿಂದ ಹೊರಟ ಫೆರಿಯಲ್ಲಿ ಧಾರವಾಡದ ಮಾತು ಕಿವಿಗೆ ಬಿದ್ದಾಗ ಪ್ರತಿಮಾ ತಿರುಗಿ ನೋಡಿದಳು. ಅಣ್ಣ-ತಂಗಿ ಇಬ್ಬರು ಕಂಬಿಗೆ ಒರಗಿ ನಿಂತಿದ್ದರು.

“ಅವ್ವ ಟೈಪ್ ಮಾಡಿದ್ದನ್ನ ಮನ್ಯಾಗಿನ ಕಂಪ್ಯೂಟರ್ ಓದಿ ಹೇಳತೈತಿ, ಖರೇ. ಆದ್ರ ದನಿ ಹೋದಾಕಿ ಪ್ಯಾಟಿಗೆ ಕಂಪ್ಯೂಟರ್ ಹೊತಗೊಂಡು ಹೋಗಬೇಕೇನ ಅಣ್ಣಾ?”

“ಅದಕ್ಕ ಮೊಬೈಲಿಗೆ ತರಾಕತ್ತೇನಿ ಕಾಂಚನಾ. ಮೊಬೈಲ್ ಆ್ಯಪ್ ಬರಿಯೂ ಕಾಟ್ಲಿನ್ ಅನ್ನೂ ಪ್ರೋಗ್ರಾಮ್ ಭಾಷಾದಾಗ ಎಲ್ಲಾ ಹೊಸದಾಗಿ ಬರೀತೇನಿ.”

“ಎಲ್ಲಾ ಯಾಕ? ಅವ್ವನಂಗ ‘ಹೊಕ್ಕೇನಿ, ಬರ್ತೇನಿ’ ಅನ್ನಾಕ ಆ ಕಂಪ್ಯೂಟರಿಗೆ ಕಲಿಸೂದರಾಗ ನಿನಗ ಎಷ್ಟು ವರ್ಷ ಹಿಡೀತು?”

“ಭಾಳ ಹಿಡೀತು.”

“ಅದೆಲ್ಲಾ ಸಿ ಭಾಷಾದಾಗ ಐತಿ. ನಾವು ಬರದದ್ದನ್ನ ಮೊಬೈಲಿಗೆ ತಿಳಿಯೂಹಂಗ ಮಾಡೂ ಕಂಪೈಲರ್ ಸಿ ಭಾಷಾನೂ ತಗೊತೈತಿ. ಹಳೇದನ್ನ ಹಂಗ ಒಳಗಿಡು. ಮ್ಯಾಲಿನ ಸ್ಕ್ರೀನ್ ಅಷ್ಟ ಕಾಟ್ಲಿನ್‌ನಾಗ ಬರಿ.”

ಅಣ್ಣ ಕಂಬಿಯ ಮೇಲೆ ಅಂಗೈ ಬಡಿದ.

“ಹೌದಲ್ಲ! ಹಂಗಾದ್ರ ದೀಪಾವಳಿ ಸಂತಿಗೆ ಅವ್ವನ ಕೈಯಾಗ ಇರ್ತೈತಿ.”

“ಇಷ್ಟು ದಿನ ಅಂಗಡಿಯವ್ರು ಹೇಳಿದ ರೇಟಿಗೇ ಅಪ್ಪ ಕಾಯಿಪಲ್ಯಾ ತಂದಾನ. ಇನ್ನ ಅವ್ವ ಹೋದ್ರ ಅವ್ರನ್ನ ದೇವರ ಕಾಯಬೇಕು!”

ಫೆರಿ ದಡ ಮುಟ್ಟಿತು. ಇಬ್ಬರೂ ನಗುತ್ತ ಇಳಿದುಹೋದರು. ಕಂಡರಿಯದ ಆ ತಾಯಿ ಚೌಕಾಸಿಗೆ ನಿಲ್ಲುವುದನ್ನು ಒಮ್ಮೆ ನೋಡಬೇಕೆಂದು ಪ್ರತಿಮಾಳಿಗೆ ಅನ್ನಿಸಿತು.