ಹಿಟ್ ಹಾಡಿನ ಸಾಕ್ಷಿ

ನಗಬೇಡಿ ಹುಲಿಗೆವ್ವ, ತಮಾಷೆಗೆ ಹೇಳ್ತಿಲ್ಲ. ನಾಳೆ ಬೆಳಗ್ಗೆ ನನ್ನ ಜೊತೆ ಸಂಗೀತಗಾರರ ಸಂಘಕ್ಕೆ ದೂರು ಕೊಡೋಕೆ ಬರ್ಬೇಕು. ‘ಈ ಸೋಮನಾಥ್ ಹೋದ ವರ್ಷ ನಮ್ಮ ಖಾನಾವಳೀಲಿ ಕೂತು ಆ ಟ್ಯೂನ್ ಮಾಡಿದ್ದನ್ನ ನೋಡಿದೀನಿ’ ಅಂತ ಒಂದು ಮಾತು, ಅಷ್ಟೇ. ನೀವು ರೊಟ್ಟಿ ಬಡೀತಾನೇ ಕೇಳಿ.

ಯಾವ ಟ್ಯೂನಾ? ಬಿಟಿಎಂನಲ್ಲಿ ಖಾನಾವಳಿ ಇಟ್ಕೊಂಡು ಯಾವ ಟ್ಯೂನ್ ಅಂತೀರಲ್ಲ. ಕತ್ರಿಗುಪ್ಪೆ ಜಿಮ್ಮಲ್ಲಿ ಅದೇ, ಬನಶಂಕರಿ ಛತ್ರದಲ್ಲಿ ವರಪೂಜೆಗೆ ಅದೇ, ಕಸದ ಗಾಡಿ ಮೈಕಲ್ಲೂ ಅದೇ. ಸಿನಿಮಾ ಎರಡು ವಾರ ಓಡ್ಲಿಲ್ಲ. ಆಲ್ಬಮ್ ಮಾತ್ರ ಹದಿನಾಲ್ಕು ಕೋಟಿ ಸಲ ಕೇಳಿದಾರಂತೆ. ಆರು ಹಾಡಲ್ಲಿ ಐದು ಬರೀ ಪೊಟ್ಟಣ ಸುತ್ತೋ ಪೇಪರ್. ಜನ ಕೇಳಿದ್ದು ಇದೊಂದನ್ನೇ. ಈಗ ಪ್ರತಿ ನಿರ್ಮಾಪಕನಿಗೂ ಅದೇ ತಾಳ ಬೇಕು... ಇಡ್ಲಿಗೆ ಇನ್ನೊಂದು ಸೌಟು ಚಟ್ನಿ ಹಾಕಿಸ್ಕೊಂಡ ಹಾಗೆ ಕೇಳಿ ಹಾಕಿಸ್ಕೋತಾರೆ.

ಮೊನ್ನೆ ಜಯನಗರದಲ್ಲಿ ಸಮಾರಂಭ. ನಮ್ಮ ಸಂಗೀತ ನಿರ್ದೇಶಕ ರೇವಂತ್ ಪ್ಲಾಟಿನಂ ಡಿಸ್ಕ್ ಎತ್ತಿ ಹಿಡಿದ. ನಾನು ಅವನ ಅಸಿಸ್ಟೆಂಟು. ಎಂ.ಎ. ಓದಿ, ಅವನಿಗೆ ಹೊದಿಸಿದ ಶಾಲು ಹಿಡ್ಕೊಂಡು ಹಿಂದೆ ನಿಂತಿದ್ದೆ. ‘ಈ ಟ್ಯೂನ್ ನನಗೆ ಧ್ಯಾನದಲ್ಲಿ ಬಂತು’ ಅಂದ. ಧ್ಯಾನವಂತೆ. ಬಂದಿದ್ದು ವಾಟ್ಸಾಪ್‌ನಲ್ಲಿ. ಕಳ್ಸಿದ್ದು ನಾನು. ಇನ್ನೊಬ್ಬರದನ್ನ ಎತ್ಕೊಂಡು ತನ್ನ ಹೆಸರು ಹಾಕ್ಕೊಳ್ಳೋನನ್ನ ಏನಂತ ಕರೀತಾರೆ, ನೀವೇ ಹೇಳಿ.

ಹೇಳಿ ಅಂದ್ರೆ ನನ್ನ ಮುಖ ನೋಡ್ತೀರಲ್ಲ.

ಪುರಾವೆ ಇದೆ. ಫೋನಲ್ಲಿ ರೆಕಾರ್ಡಿಂಗ್ ಇದೆ, ತಾರೀಖು ಸಮೇತ. ಇದೇ ಮೂಲೆ ಟೇಬಲ್, ಇದೇ ಮಧ್ಯಾಹ್ನದ ಹೊತ್ತು... ಕೈ ಯಾಕೆ ಚಾಚಿದ್ರಿ? ಕೇಳ್ಬೇಕಾ? ಕೈಯೆಲ್ಲ ಹಿಟ್ಟಾಗಿದೆ, ಬಿಡಿ. ಅದರಲ್ಲಿ ಬರೀ ಗದ್ದಲ. ಪಾತ್ರೆ ಸದ್ದು, ಯಾರೋ ಮಜ್ಜಿಗೆ ಕೇಳೋದು... ಸಂಘದವರಿಗೂ ಪೂರ್ತಿ ಕೇಳಿಸಲ್ಲ. ಸ್ವಲ್ಪ ಕತ್ತರಿಸಿ ಕೇಳಿಸ್ತೀನಿ.

ಏನನ್ನ ಕತ್ತರಿಸ್ತೀನಿ ಅಂದ್ರೆ... ಗದ್ದಲಾನ.

ಕೈ ಇಳಿಸಿ ಅಮ್ಮ, ಊಟಕ್ಕೆ ಕೂತವರೆಲ್ಲ ನೋಡ್ತಿದಾರೆ.

ಹೆಂಗಸಿನ ದನಿ ಇದೆ, ಇಲ್ಲ ಅನ್ನಲ್ಲ. ಒಲೆ ಕಡೆಯಿಂದ ಯಾರೋ ಗುನುಗಿದ್ದು... ಸರಿ, ನೀವೇ. ಆದ್ರೆ ಅದನ್ನ ಕೀಬೋರ್ಡಿಗೆ ತಂದಿದ್ದು ನಾನು. ಶ್ರುತಿ ಸರಿ ಮಾಡಿದ್ದು ನಾನು. ಅದೂ ಕೆಲಸಾನೇ. ನೀವು ಕೆಲಸದ ಮಧ್ಯೆ ಸುಮ್ನೆ ಗುನುಗ್ತಿದ್ರಿ, ನಿಮಗದು ನೆನಪಾದ್ರೂ ಇರುತ್ತಾ ಅಂತ... ಒಂದು ಮಾತು ಕೇಳ್ಬೇಕಿತ್ತು ಅಂತೀರಾ?



ಯಾಕೆ ಒಲೆ ಕಡೆ ತಿರುಗಿದ್ರಿ? ನನಗೆ ಇನ್ನೊಂದು ರೊಟ್ಟಿ ಬೇಡ. ಹಾಗೆ ಬಡೀಬೇಡಿ ಹುಲಿಗೆವ್ವ. ಬೇರೆ ಥರ ಬಡೀರಿ... ನಿಧಾನಕ್ಕೆ... ಅಲ್ಲ, ಮತ್ತೆ ಅದೇ ತಾಳ ಬರ್ತಿದೆ.

ನೋಡಿ, ಪಕ್ಕದ ಟೇಬಲ್ಲಿನವರು ಆಗ್ಲೇ ಆ ಹಾಡು ಹಾಡೋಕೆ ಶುರು ಮಾಡಿದ್ರು.