ನಾವು ನಿಲ್ಲಿಸದೆ ದಾಟಿಹೋದ ಬಿಳಿ ಕಾರಿನ ವಿಚಾರ

ಹೆಸರು: ವೆರ್ನಾ ಲಿಂಡ್ನರ್. ಗಂಡನ ಹೆಸರು: ನೆವಿಲ್ ಲಿಂಡ್ನರ್. ವಯಸ್ಸು: 64 ವರ್ಷ. ಕಸುಬು: ಶಾಲಾ ಬಸ್ ಚಾಲಕಿ, ಈಗ ನಿವೃತ್ತಿ. ವಾಸ: ಪೀಟರ್‌ಬರೊ, ದಕ್ಷಿಣ ಆಸ್ಟ್ರೇಲಿಯಾ.

ಯಾರ ಒತ್ತಾಯವೂ ಇಲ್ಲದೆ ಈ ದಿನ ಬೆಳಿಗ್ಗೆ 9.20ಕ್ಕೆ ಪೋರ್ಟ್ ಆಗಸ್ಟಾ ಠಾಣೆಗೆ ನಾನೇ ಬಂದು ಬರೆಸುತ್ತಿರುವುದೇನೆಂದರೆ, ಇದೇ ತಿಂಗಳ 8ನೇ ತಾರೀಕು ನನ್ನ ಗಂಡ ಫೋನಿನಲ್ಲಿ ಪೊಲೀಸರಿಗೆ ಕೊಟ್ಟ ಮಾಹಿತಿ ಸುಳ್ಳು. ಅವರಿಂದ ಹಾಗೆ ಹೇಳಿಸಿದವಳು ನಾನು.

ನಾವಿಬ್ಬರೂ ಸೆಪ್ಟೆಂಬರ್ 21ರಂದು ಜೀಪಿನ ಹಿಂದೆ ಮಲಗಲು, ಅಡುಗೆಗೆ ಅನುಕೂಲವಿರುವ ಕ್ಯಾರವಾನ್ ಗಾಡಿ ಕಟ್ಟಿಕೊಂಡು ರಜೆಗೆ ಹೊರಟು, ಉತ್ತರದ ಬಿಸಿನೀರಿನ ಬುಗ್ಗೆಗಳ ಬಳಿ ಒಂಬತ್ತು ದಿನ ಇದ್ದೆವು. ಅಕ್ಟೋಬರ್ 5ರಂದು ಬೆಳಿಗ್ಗೆ 8.10ಕ್ಕೆ ಊಡ್ನಡಾಟದಿಂದ ಮನೆಯ ಕಡೆ ಹೊರಟೆವು. ಅಲ್ಲಿಂದ ಮುಂದಿನ ಊರಾದ ವಿಲಿಯಂ ಕ್ರೀಕ್‌ಗೆ 203 ಕಿ.ಮೀ. ಮಣ್ಣಿನ ರಸ್ತೆ. ಆ ದಾರಿಯಲ್ಲಿ ಫೋನ್ ಸಿಗುವುದಿಲ್ಲ. ಗಂಡ ಓಡಿಸುತ್ತಿದ್ದರು. ಕ್ಯಾರವಾನಿನ ತೊಟ್ಟಿಯಲ್ಲಿ ಸುಮಾರು 60 ಲೀಟರ್ ಕುಡಿಯುವ ನೀರಿತ್ತು. ಹತ್ತು ಗಂಟೆಯ ಹೊತ್ತಿಗೆ ಹೊರಗಿನ ಶಾಖ 39 ಡಿಗ್ರಿ ಎಂದು ಜೀಪಿನ ಮೀಟರು ತೋರಿಸುತ್ತಿತ್ತು.

ದಾರಿಯುದ್ದಕ್ಕೂ ನಾವು ಖುಷಿಯಾಗಿದ್ದೆವು. ನನ್ನ ಕಿವಿಯಲ್ಲಿ ಕೆಂಪು ಧೂಳು ಕೂತಿರುವುದನ್ನು ನೋಡಿ ಗಂಡ, "ಅರ್ಧ ಮರುಭೂಮಿ ಕಿವಿಯೊಳಗೇ ಇದೆ ಕಣೇ. ಮನೆಗೆ ಹೋದ್ಮೇಲೆ ತೊಳೀಬೇಡ, ಟೊಮೇಟೊ ಹಾಕೋಣ" ಎಂದು ನಗಿಸುತ್ತಿದ್ದರು. ನಕ್ಕಿದ್ದೆ ಎಂಬುದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಸಮಯ 10.05ಕ್ಕೆ, ಊಡ್ನಡಾಟದಿಂದ 96 ಕಿ.ಮೀ. ದೂರದಲ್ಲಿ, ರಸ್ತೆಯ ಎಡಕ್ಕೆ ಒಂದು ಹಳೆಯ ಬಿಳಿ ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ತೆರೆದ ಹಿಂಬಾಗಿಲ ನೆರಳಿನಲ್ಲಿ ಒಬ್ಬ ಮುದುಕರು ಕಾಲು ಚಾಚಿ ನೆಲದ ಮೇಲೆ ಕುಳಿತಿದ್ದರು. ಒಬ್ಬ ಯುವತಿ ರಸ್ತೆಯ ಅಂಚಿನಲ್ಲಿ ನಿಂತು ಎರಡೂ ಕೈ ತಲೆಯ ಮೇಲೆತ್ತಿ ಬೀಸುತ್ತಿದ್ದಳು. ಇಬ್ಬರೂ ಮೂಲನಿವಾಸಿಗಳು. ಈ ದಾರಿಯಲ್ಲಿ ನಿಂತ ಗಾಡಿ ಕಂಡರೆ ನಿಲ್ಲಿಸುವುದು ನಮ್ಮ ಕಡೆಯ ಪದ್ಧತಿ. ಗಂಡ ವೇಗ ಇಳಿಸಿ ಗೇರ್ ಬದಲಿಸಿದರು. ಆಗ ನಾನು ಅವರ ತೋಳು ಹಿಡಿದು ಹೇಳಿದ ಮಾತು ಇದು:

"ನಿಲ್ಲಿಸ್ಬೇಡ ನೆವಿಲ್, ಹೋಗ್ತಿರು. ಹುಡುಗೀನ ಮುಂದೆ ನಿಲ್ಸಿರ್ತಾರೆ, ಉಳಿದೋರು ಪೊದೆ ಹಿಂದೆ ಇರ್ತಾರೆ. ಡೀಸೆಲ್ಲೂ ಹೋಗುತ್ತೆ, ಜೀವಾನೂ ಹೋಗುತ್ತೆ."

ಇದನ್ನು ನನಗೆ ಎರಡು ವರ್ಷದ ಹಿಂದೆ ಯಾವುದೋ ಊರಿನಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ, ಪರಿಚಯವಿಲ್ಲದ ಹೆಂಗಸೊಬ್ಬರು ಹೇಳಿದ್ದರು. ಕಾರು ನಿಂತಿದ್ದ ಆ ಬಯಲಿನಲ್ಲಿ ಮೊಣಕಾಲಿಗಿಂತ ಎತ್ತರದ ಗಿಡ ಒಂದೂ ಇರಲಿಲ್ಲ.

ಗಂಡ ಮತ್ತೆ ವೇಗ ಹೆಚ್ಚಿಸಿದರು. ನಾನು ಎಡಬದಿಯಲ್ಲಿ ಕುಳಿತಿದ್ದೆ. ಯುವತಿಗೂ ನನಗೂ ಮೂರು ಮೀಟರ್ ಅಂತರವಿತ್ತು. ಅವಳು ಹಳದಿ ಅಂಗಿ ಹಾಕಿದ್ದಳು, ಕೈಯಲ್ಲಿ ಖಾಲಿ ಬಾಟಲಿ ಹಿಡಿದಿದ್ದಳು. ನಮ್ಮ ಧೂಳು ಅವರ ಮೇಲೆ ಬಿತ್ತು. ದಾಟುವಾಗ ಅವರ ಸ್ಥಿತಿಯನ್ನು ನೋಡಿದೆ.

ಅಲ್ಲಿಂದ 4 ಕಿ.ಮೀ. ಮುಂದೆ, 10.10ಕ್ಕೆ, ಉದ್ದದ ಲಾರಿಗಳು ತಿರುಗುವಷ್ಟು ಅಗಲವಾದ ಜಾಗ ಸಿಕ್ಕಿತು. ಗಂಡ ನನ್ನನ್ನು ಕೇಳದೆ ಅಲ್ಲಿ ನಿಲ್ಲಿಸಿದರು. ನಾನು ಟೀ ಮಾಡಿದೆ. ಅವರು ಕುಡಿಯದೆ ಹಿಂದಿನ ರಸ್ತೆಯನ್ನೇ ನೋಡುತ್ತಾ, "ವಾಪಸ್ ಹೋಗೋಣ್ವಾ ವೆರ್ನಾ? ಇಲ್ಲಿ ಆರಾಮಾಗಿ ತಿರುಗುತ್ತೆ" ಅಂದರು. ನಾನು, "ಇಷ್ಟೊತ್ತಿಗೆ ಯಾರಾದ್ರೂ ಬಂದಿರ್ತಾರೆ ಬಿಡು. ಕೇಕ್ ತಿನ್ನು" ಅಂದೆ. ಅಲ್ಲಿ ನಾವು 25 ನಿಮಿಷ ಇದ್ದೆವು. ಅಷ್ಟು ಹೊತ್ತಿನಲ್ಲಿ ಎರಡೂ ಕಡೆಯಿಂದ ಒಂದು ವಾಹನವೂ ಬರಲಿಲ್ಲ. ಹೊರಡುವ ಮುಂಚೆ ನಾನು ಲೋಟಗಳನ್ನೂ ಜೀಪಿನ ಮುಂದಿನ ಗಾಜನ್ನೂ ತೊಳೆದೆ. ಸುಮಾರು ಆರು ಲೀಟರ್ ನೀರು ಖರ್ಚಾಯಿತು.

12.25ಕ್ಕೆ ವಿಲಿಯಂ ಕ್ರೀಕ್ ತಲುಪಿದೆವು. ಗಂಡ ಡೀಸೆಲ್ ಹಾಕಿಸುವಾಗ ನಾನು ಅಂಗಡಿಯೊಳಗೆ ಹೋಗಿ, ಆ ದಾರಿಯಲ್ಲಿ ಬಂದವರು ಬರೆಯುವ ಪುಸ್ತಕದಲ್ಲಿ ನಮ್ಮ ಹೆಸರು, ಫೋನ್ ನಂಬರು ಬರೆದೆ. ಅಂಗಡಿಯ ಹೆಂಗಸು ದಾರಿ ಹೇಗಿದೆ ಎಂದು ವಿಚಾರಿಸಿದಾಗ ಚೆನ್ನಾಗಿದೆ, ಧೂಳು ಜಾಸ್ತಿ ಎಂದಷ್ಟೇ ಹೇಳಿದೆ. ಮರುದಿನ ಮಧ್ಯಾಹ್ನ ಮನೆ ಸೇರಿದೆವು.

7ನೇ ತಾರೀಕು ಬೆಳಿಗ್ಗೆ ಕ್ಯಾರವಾನ್ ತೊಳೆಯುವಾಗ ರೇಡಿಯೊದಲ್ಲಿ ಸುದ್ದಿ ಬಂತು. ದನದ ಲಾರಿಯವರೊಬ್ಬರು 5ನೇ ತಾರೀಕು ಮಧ್ಯಾಹ್ನ 2.40ಕ್ಕೆ ಆ ಇಬ್ಬರನ್ನು ಕಂಡು ಕರೆತಂದರೆಂದೂ, ವೈದ್ಯರನ್ನು ಕರೆತರುವ ವಿಮಾನ ಇಳಿಯುವ ಮೊದಲೇ ಮುದುಕರು ತೀರಿಕೊಂಡರೆಂದೂ ಹೇಳಿದರು. ನಾನು ನಲ್ಲಿ ನಿಲ್ಲಿಸಿದೆ. ಗಂಡ ಒಳಗಿನಿಂದ ಬಂದು ನನ್ನ ಮುಖ ನೋಡಿ ವಾಪಸ್ ಹೋದರು.

8ನೇ ತಾರೀಕು ಸಂಜೆ 4ಕ್ಕೆ, ಆ ಪುಸ್ತಕದಲ್ಲಿದ್ದ ನಂಬರಿಗೆ ಪೊಲೀಸರಿಂದ ಫೋನ್ ಬಂತು. ದಾರಿಯಲ್ಲಿ ನಿಂತ ಕಾರನ್ನು ಕಂಡಿರಾ ಎಂದು ಕೇಳಿದರು. ಗಂಡ ನನ್ನ ಕಡೆ ತಿರುಗಿದರು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅವರು ಯಾರನ್ನೂ ಕಾಣಲಿಲ್ಲ ಎಂದು ಹೇಳಿ ಫೋನ್ ಇಟ್ಟರು. ಅವತ್ತಿನಿಂದ ಬೇರೆ ಕೋಣೆಯಲ್ಲಿ ಮಲಗುತ್ತಿದ್ದಾರೆ.

ಮೊನ್ನೆ 12ನೇ ತಾರೀಕು ಶನಿವಾರ ಪೋರ್ಟ್ ಆಗಸ್ಟಾದ ಉದ್ಯಾನದಲ್ಲಿ ತೀರಿಕೊಂಡ ಮುದುಕರ ನೆನಪಿಗೆ ಅವರ ಕುಟುಂಬ ಸೇರುತ್ತದೆ, ಯಾರು ಬೇಕಾದರೂ ಬರಬಹುದು ಎಂದು ರೇಡಿಯೊದಲ್ಲಿ ಹೇಳಿದ್ದರು. ಗಂಡನಿಗೆ ತಿಳಿಸದೆ ಒಬ್ಬಳೇ ಹೋದೆ. ತೀರಿಹೋದವರ ಹೆಸರನ್ನು ಅವರ ಜನರಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ನಾನೂ ಇಲ್ಲಿ ಹೇಳುತ್ತಿಲ್ಲ. ಆ ಮುದುಕರಿಗೆ 78 ವರ್ಷ, ಹಿಂದೆ ರೈಲು ಹಳಿಯ ಕೆಲಸದಲ್ಲಿದ್ದರು. ಹುಟ್ಟಿದ ಜಾಗ ನೋಡಬೇಕೆಂದು ಮೊಮ್ಮಗಳ ರಜೆಯಲ್ಲಿ ಹೋಗಿದ್ದವರು, ನಮ್ಮ ಹಾಗೆಯೇ ಮನೆಗೆ ಮರಳುತ್ತಿದ್ದರು. ಕಾರಿನ ರಬ್ಬರ್ ಕೊಳವೆ ಒಡೆದಿದ್ದರಿಂದ, ಇದ್ದ ನೀರನ್ನೆಲ್ಲ ರೇಡಿಯೇಟರಿಗೆ ಸುರಿದುಬಿಟ್ಟಿದ್ದರು.

ಮೊಮ್ಮಗಳ ಹೆಸರು ಜನೆಲ್, ವಯಸ್ಸು 24. ಅವಳೇ ನನಗೊಂದು ಲೋಟ ಟೀ ಕೊಟ್ಟು, "ಅಜ್ಜ ನಿಮಗೆ ಹೇಗೆ ಪರಿಚಯ?" ಎಂದು ಕೇಳಿದಳು. ಆ ಕ್ಯಾರವಾನಿನಲ್ಲಿದ್ದವಳು ನಾನೇ ಎಂದು ಹೇಳಿದೆ. ಅವಳು ಕೂಗಾಡಲಿಲ್ಲ. ಬೆಂಚಿನ ಮೇಲೆ ಕುಳಿತು ಆಡಿದ ಮಾತನ್ನು ನೆನಪಿರುವಷ್ಟೂ ಬರೆಸುತ್ತಿದ್ದೇನೆ:

"ಹಾಗಾದ್ರೆ ನೀವು ನಿಜವಾಗ್ಲೂ ಇದ್ರಿ. ಯಾವ ಗಾಡೀನೂ ಹೋಗಿಲ್ವಂತೆ, ಬಿಸಿಲಿಗೆ ನಿಂಗೆ ಭ್ರಮೆ ಹಿಡೀತು ಅಂತಾರೆ ಮಾಮ. ನಮ್ಮಪ್ಪನ್ನ ಸುಮ್ನೆ ಕೂರಿಸ್ಕೊಂಡು ಸಾಯಿಸ್ದೆ ಅಂತಾರೆ. ಹಿಂದೆ ಆರು ಕಿಲೋಮೀಟರಲ್ಲಿ ದನದ ನೀರಿನ ತೊಟ್ಟಿ ಇತ್ತು. ನಡ್ಕೊಂಡು ಹೋಗಿ ತರ್ತೀನಿ ಅಂತ ಹೊರಟಿದ್ದೆ, ಅಷ್ಟರಲ್ಲಿ ನೀವು ಬಂದ್ರಿ. ಅಷ್ಟುದ್ದದ ಗಾಡಿ ಇಲ್ಲಿ ತಿರುಗಲ್ಲ ಅಜ್ಜ, ಮುಂದೆ ತಿರುಗಿಸ್ಕೊಂಡು ಬರ್ತಾರೆ ಅಂದೆ. ಹೊತ್ತಾದ್ಮೇಲೆ ಅಜ್ಜ ನಗ್ತಾ, 'ಬಿಳೀ ಜನ ಕಣಮ್ಮ, ಟೀ ಕುಡಿಯೋಕೆ ನಿಂತಿರ್ತಾರೆ. ಕುಡಿದು ಬರ್ತಾರೆ ಬಿಡು' ಅಂದ. ಹನ್ನೆರಡರ ತನಕ ಕಾದೆ. ಆಮೇಲೆ ಅವನನ್ನ ಬಿಟ್ಟು ಹೋಗೋ ಸ್ಥಿತಿ ಇರ್ಲಿಲ್ಲ."

ನಾವು ಟೀ ಕುಡಿಯಲು ನಿಂತಿದ್ದು ನಿಜ ಎಂಬುದನ್ನು ಅವಳಿಗೆ ಹೇಳಲು ನನ್ನಿಂದ ಆಗಲಿಲ್ಲ. ನಾನು ಕ್ಷಮೆ ಕೇಳಲು ಬಾಯಿ ತೆರೆದಾಗ ಪಕ್ಕದಲ್ಲಿದ್ದ ಅವಳ ಚಿಕ್ಕಮ್ಮ ಕೈ ಅಡ್ಡ ಮಾಡಿ, "ಅಳೋದಿದ್ರೆ ಮನೇಲಿ ಅಳು ತಾಯಿ. ಇವಳಿಗೆ ಅದ್ರಿಂದ ಏನಾಗ್ಬೇಕು? ಪೊಲೀಸ್ ಹತ್ರ ಹೋಗಿ ಹೇಳು, ಇವಳ ಮಾಮ ಓದ್ಲಿ" ಅಂದರು.

ಮನೆಗೆ ಹೋಗಿ ಗಂಡನಿಗೆ ಎಲ್ಲವನ್ನೂ ತಿಳಿಸಿದೆ. ಅವರೂ ಈಗ ಠಾಣೆಯ ಹೊರಗೆ ಇದ್ದಾರೆ, ತಮ್ಮ ಹೇಳಿಕೆ ತಾವೇ ಕೊಡುತ್ತಾರೆ. ಅಕ್ಟೋಬರ್ 5ರಂದು 10.05ಕ್ಕೆ ಆ ಜಾಗದಲ್ಲಿ ವಾಹನ ಹೋದದ್ದು ನಿಜ, ಅದು ನಮ್ಮದು. ಜನೆಲ್‌ಗೆ ಯಾವ ಭ್ರಮೆಯೂ ಆಗಿರಲಿಲ್ಲ. ನಾವು ತಿರುಗಿ ಬರುತ್ತೇವೆಂದು ಅವಳು ಕಾದದ್ದರಲ್ಲಿ ತಪ್ಪಿಲ್ಲ, ಯಾವ ಮನುಷ್ಯರಾದರೂ ಹಾಗೆಯೇ ಕಾಯುತ್ತಿದ್ದರು. ಇದರ ಒಂದು ಪ್ರತಿಯನ್ನು ಅವಳ ಸೋದರಮಾವನಿಗೆ ಕೊಡಬೇಕೆಂದು ಕೋರುತ್ತೇನೆ.

ಬರೆದುಕೊಂಡದ್ದನ್ನು ಅಧಿಕಾರಿಗಳು ನನಗೆ ಓದಿ ಹೇಳಿದರು. ಎರಡನೇ ಪುಟದಲ್ಲಿ 'ದಾಟುವಾಗ ಅವರ ಸ್ಥಿತಿಯನ್ನು ಗಮನಿಸಲಿಲ್ಲ' ಎಂದಿತ್ತು. ಅದನ್ನು ಹೊಡೆದುಹಾಕಿಸಿ 'ನೋಡಿದೆ' ಎಂದು ಬರೆಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ.

ಸ್ಥಳ: ಪೋರ್ಟ್ ಆಗಸ್ಟಾ
ದಿನಾಂಕ: 14 ಅಕ್ಟೋಬರ್ 2019
ಸಹಿ: ವೆರ್ನಾ ಲಿಂಡ್ನರ್