ಈದ್ ರಜೆಯಲ್ಲಿ ಎದ್ದ ಗೋಡೆ

ಸಭೆಯ ಅಧ್ಯಕ್ಷರಾದ ಹಾಜಿ ಮುತವಲ್ಲಿ ಅವರೇ, ಮನೂಫಿಯಾ ಪ್ರಾಂತ್ಯದ ಕೃಷಿ ಇಲಾಖೆಯಿಂದ ದಯಮಾಡಿಸಿರುವ ಹಿರಿಯರೇ, ನನ್ನ ಜಾಗಕ್ಕೆ ಬಂದಿರುವ ಇಂಜಿನಿಯರಮ್ಮ ವಿಸಾಮ್ ಅವರೇ, ನನ್ನಿಂದ ಒಂದಲ್ಲ ಒಂದು ಸಲ ನೋಟಿಸು ಪಡೆದಿರುವ ಸಭಿಕರೇ,

ನಗಬೇಡಿ, ಪಡೆಯದವರು ಇಲ್ಲಿ ಕಡಿಮೆ. ಹೊಲದಲ್ಲಿ ಯಾರೂ ಮನೆ ಕಟ್ಟದಂತೆ ಕಾಯುವುದು ನನ್ನ ಕೆಲಸವಾಗಿತ್ತು. ಮೂವತ್ನಾಲ್ಕು ವರ್ಷ ಕಾದು ಇಂದು ನಿವೃತ್ತನಾಗುತ್ತಿದ್ದೇನೆ. "ಹಿಲ್ಮಿ ಷಲಬಿ ಇಲ್ಲದಿದ್ದರೆ ಈ ಊರಲ್ಲಿ ಗೋಧಿ ಬಿತ್ತಲು ಅಂಗೈಯಗಲ ನೆಲ ಉಳಿಯುತ್ತಿರಲಿಲ್ಲ" ಎಂದು ಅಧ್ಯಕ್ಷರು ಈಗಷ್ಟೇ ಹೊಗಳಿದರು. ಆ ಮಾತು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನನ್ನ ಅಜ್ಜ ಬಿತ್ತಿದ ಹೊಲದಲ್ಲಿ ಇಂದು ಹನ್ನೊಂದು ಮನೆಗಳಿವೆ. ಆ ಮನೆಗಳ ಮಕ್ಕಳು ತಿನ್ನುವ ರೊಟ್ಟಿಯ ಗೋಧಿ ಎಲ್ಲಿಂದ ಬರುತ್ತದೆ? ಹಡಗಿನಲ್ಲಿ, ಅಲೆಕ್ಸಾಂಡ್ರಿಯಾ ಬಂದರಿಗೆ. ಎಲ್ಲೋ ದೂರದ ಸಮುದ್ರದಲ್ಲಿ ಯುದ್ಧವಾದರೆ ನಮ್ಮ ಬೀದಿಯ ರೊಟ್ಟಿ ಅಂಗಡಿಯ ಮುಂದೆ ಸಾಲು ಉದ್ದವಾಗುತ್ತದೆ. ಹೆಚ್ಚು ಮಕ್ಕಳು ಬೇಡ ಎಂದು ಹೇಳಲೂ ಇಲಾಖೆ ನನ್ನನ್ನೇ ಕಳಿಸಿತ್ತು. ಒಬ್ಬ ಹೆಂಗಸು ಕೇಳಿದಳು: "ನಿಮಗೆಷ್ಟು ಮಕ್ಕಳು ಸಾರ್?" ಆರು ಎಂದೆ. "ಹಂಗಾದ್ರೆ ಈ ಭಾಷಣ ಮೊದ್ಲು ನಿಮ್ಮನೇಲಿ ಮಾಡ್ಬಾರ್ದಿತ್ತಾ?" ಅಂದಳು. ಟೀ ಕುಡಿದು ಎದ್ದು ಬಂದೆ.

ನೀವೆಲ್ಲ ಗೋಡೆ ಏಳಿಸುವುದು ಯಾವಾಗ? ಈದ್ ರಜೆಯಲ್ಲಿ. ಕಚೇರಿಗೆ ಬೀಗ, ಪೊಲೀಸರು ತಮ್ಮೂರಿಗೆ. ಮೂರು ದಿನದಲ್ಲಿ ನಾಲ್ಕು ಗೋಡೆ! ಅದಕ್ಕೇ ನಾನು ಮೂವತ್ಮೂರು ವರ್ಷ ಈದ್‌ನಂದು ಮನೆಯಲ್ಲಿ ಊಟ ಮಾಡಲಿಲ್ಲ. ಸೈಕಲ್ ಹತ್ತಿ ಹೊಲ ಸುತ್ತಿದೆ. ಈ ವರ್ಷ ಮಾತ್ರ ಸುತ್ತಲಿಲ್ಲ. ಪಾಪ, ಮುದುಕನಿಗೆ ಮಂಡಿನೋವು ಎಂದುಕೊಂಡಿರಿ. ಕೆಲವರು ಮಾಂಸವನ್ನೂ ಕಳಿಸಿಕೊಟ್ಟಿರಿ.

ಮಂಡಿ ಚೆನ್ನಾಗಿಯೇ ಇತ್ತು. ಆ ಮೂರು ದಿನ ನಾನು ನನ್ನ ಗೋಧಿ ಹೊಲದಲ್ಲಿ, ಒಣ ಜೋಳದ ದಂಟು ಒಡ್ಡಿದ ಮರೆಯಲ್ಲಿ, ನನ್ನ ಕಿರಿಯ ಮಗ ಇಮಾದನಿಗಾಗಿ ಗೋಡೆ ಏಳಿಸುತ್ತಿದ್ದೆ. ಹೌದು, ನಾನೇ. ರಜೆಯಲ್ಲಿ ತನಿಖೆಗೆ ಬರುವವರು ಯಾರೂ ಇಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಹೇಳಿ, ನಾನೇನು ಮಾಡಬೇಕಿತ್ತು? ನಮ್ಮ ಮನೆಯ ಕೆಳಭಾಗದಲ್ಲಿ ನಾವಿದ್ದೇವೆ, ಮೊದಲ ಮಹಡಿ ಹಿರಿಯ ಮಗನದು, ಎರಡನೆಯದು ಅವನ ತಮ್ಮನದು. ಇನ್ನೊಂದು ಮಹಡಿಯನ್ನು ಅಡಿಪಾಯ ತಾಳುವುದಿಲ್ಲ. ಇಮಾದನಿಗೆ ಮೂವತ್ತೆರಡು. ಅವನಿಗೆ ಗೊತ್ತುಮಾಡಿದ ಹುಡುಗಿಯ ತಂದೆಯದು ನಾಲ್ಕು ವರ್ಷದಿಂದ ಒಂದೇ ಮಾತು: "ಮನೆ ತೋರ್ಸಿ ಹಿಲ್ಮಿಯವ್ರೇ, ಮಗಳನ್ನ ಕರ್ಕೊಂಡ್ ಹೋಗಿ." ಮಗ ಊಟಕ್ಕೆ ಕೂತರೆ ತಲೆ ಎತ್ತುತ್ತಿರಲಿಲ್ಲ. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಆದರೆ ಇಷ್ಟು ವರ್ಷ ಆ ಹೊಲದ ಗೋಧಿಯಲ್ಲೇ ರೊಟ್ಟಿ ಸುಡುತ್ತಿದ್ದ ನನ್ನ ಹೆಂಡತಿ ಹೋದ ವಾರ ಜೀವನದಲ್ಲಿ ಮೊದಲ ಸಲ ಅಂಗಡಿ ರೊಟ್ಟಿಗೆ ಸಾಲಿನಲ್ಲಿ ನಿಂತಳು. ತಂದು ನನ್ನ ಮುಂದಿಟ್ಟು, "ತಿನ್ರಿ, ಹಡಗಿಂದು," ಅಂದಳು. ಅಷ್ಟೇ.

ಇಂಜಿನಿಯರಮ್ಮನವರೇ, ನಾಳೆ ಬೆಳಿಗ್ಗೆ ಕಾಲುವೆಯಾಚೆ ನನ್ನ ಹೊಲಕ್ಕೆ ಬನ್ನಿ. ನಿಮ್ಮ ಮೊದಲ ನೋಟಿಸು ನನ್ನ ಹೆಸರಿಗಿರಲಿ. ಗೋಡೆ ಎದೆಮಟ್ಟ ಬಂದಿದೆ, ತಾರಸಿ ಹಾಕಿಲ್ಲ. ಕೆಡವಲು ಒಂದು ದಿನ ಸಾಕು.

ಇಮಾದ್, ಎದ್ದು ಹೋಗಬೇಡ ಮಗನೇ. ಬಾಗಿಲ ಹತ್ತಿರದವರು ಸ್ವಲ್ಪ ಅವನನ್ನು ಹಿಡಿದುಕೊಳ್ಳಿ. ಕೆಳಗಿನ ಮನೆ ಇಂದಿನಿಂದ ನಿನ್ನದು. ನಾನು, ನಿನ್ನ ತಾಯಿ ತಾರಸಿಯ ಮೇಲೆ ಪಾರಿವಾಳಗಳ ಪಕ್ಕದ ಕೋಣೆಗೆ ಹೋಗುತ್ತೇವೆ. ಅವಳನ್ನು ಇನ್ನೂ ಕೇಳಿಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಅವಳ ಮುಖ ನೋಡುವ ಧೈರ್ಯ ನನಗಿಲ್ಲ. ಯಾರಾದರೂ ನೋಡಿ ಹೇಳಿ, ಒಪ್ಪಿದಳೇ?

ತಲೆ ಆಡಿಸಿದಳೇ? ನಿಜವಾಗಿ?

ಹಾಗಾದರೆ ನನ್ನ ಭಾಷಣ ಮುಗಿಯಿತು. ಶಾಲು ಹೊದಿಸಿದ ನಿಮಗೆಲ್ಲ ಋಣಿ. ಶಾಲನ್ನು ವಾಪಸು ಕೇಳಿದರೂ ಬೇಸರವಿಲ್ಲ. ನಮಸ್ಕಾರ.